ರಾಜನ ದಯೆ ಬೇಡವೆಂದ ವಿಲ್ಮಾ ಟೀಚರ್

ಈ ಅರಬ್ ನಾಡಿನ ಅಲ್ ಹೈಲ್‌ನ ನಮ್ಮ ಶಾಲೆಯ ಆಫೀಸಿನಲ್ಲಿ ಸಿಬ್ಬಂದಿಯ ಪಾಸ್‌ಪೋರ್ಟ್ ಇಡುವ ಬೀರುವಿಗೆ ನಾನೇ ಕಾವಲು. ನನ್ನ ಪಾಸ್‌ಪೋರ್ಟೂ ಅದರೊಳಗೇ ಇದೆ. ತನ್ನನ್ನೇ ಒಳಗಿಟ್ಟು ಬೀಗ ಜಡಿದು, ಅದಕ್ಕೆ ಸಂಬಳವನ್ನೂ ಎಣಿಸಿಕೊಳ್ಳುವ ಜಾಣ ಗದಗದಲ್ಲಿ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ. ಊರಲ್ಲಿ ಮಾತ್ರ ನಾನು ‘ಆಫೀಸರ್ ಕಲ್ಲಯ್ಯ’.

ವಿಲ್ಮಾ ಟೀಚರ್ ಮಂಗಳೂರಿನವರು. ಇಲ್ಲಿ ಇಂಗ್ಲೆಂಡಿನ ಚರಿತ್ರೆ ಕಲಿಸುತ್ತಲೇ, ತೀರಿಹೋದ ತಂಗಿಯ ಮಗಳನ್ನು ಊರಲ್ಲಿ ಓದಿಸಿ ದೊಡ್ಡವಳನ್ನಾಗಿ ಮಾಡಿದರು. ಅವರ ಐರ್ಲೆಂಡ್ ಪಾಠ ನಮ್ಮ ಶಾಲೆಯಲ್ಲಿ ಹೆಸರುವಾಸಿ. ‘ನಿಮ್ಮ ನೆಲವನ್ನು ನನಗೆ ಒಪ್ಪಿಸಿ, ಆಮೇಲೆ ನಾನೇ ನಿಮಗೆ ದಯಪಾಲಿಸುತ್ತೇನೆ’ ಎಂದು ಎಂಟನೇ ಹೆನ್ರಿ ಅಲ್ಲಿನ ಪಾಳೆಯಗಾರರಿಗೆ ಹೇಳಿದ್ದ. ಅಜ್ಜಂದಿರ ನೆಲ ಹಾಗೆ ರಾಜನ ಕೊಡುಗೆಯಾಯಿತು. ಮುಂದೆ ಮೊಮ್ಮಕ್ಕಳು ತಿರುಗಿಬಿದ್ದಾಗ ನೆಲ ಕಿತ್ತುಕೊಂಡು ಇಂಗ್ಲಿಷರನ್ನು ತಂದು ಕೂರಿಸಿದರು. ಪುಸ್ತಕದಲ್ಲಿ ಅದರ ಹೆಸರು ‘ದಂಗೆ’. ಟೀಚರ್ ಮಕ್ಕಳ ಟಿಫಿನ್ ಡಬ್ಬಿಗಳನ್ನೆಲ್ಲ ಕಸಿದು ಮೇಜಿನ ಮೇಲಿಟ್ಟು, ಮಹಾರಾಣಿಗೆ, ಅಂದರೆ ತಮಗೆ, ಥ್ಯಾಂಕ್ಸ್ ಹೇಳಿದವರಿಗಷ್ಟೇ ಮರಳಿಸುತ್ತಿದ್ದರು.

“ಬಟ್ ಮಿಸ್, ಇಟ್ಸ್ ಮೈನ್!” ಎಂದು ಮಕ್ಕಳು ಕೂಗಿದರೆ, “ಹಾಂ, ಅದೇ ಐರ್ಲೆಂಡ್,” ಎನ್ನುತ್ತಿದ್ದರು.

ಮೊನ್ನೆ ಆ ತಂಗಿಯ ಮಗಳ ಮದುವೆಗೆಂದು ರಜೆ, ಪಾಸ್‌ಪೋರ್ಟ್ ಎರಡೂ ಕೇಳಿದರು. ಮದುವೆಯ ಹಿಂದಿನ ದಿನದ ರೋಸ್‌ನಲ್ಲಿ, ತಾಯಿಯ ಜಾಗದಲ್ಲಿ ನಿಂತು ಅವಳಿಗೆ ತೆಂಗಿನ ಹಾಲು ಹಚ್ಚಬೇಕಾದವರು ಇವರೇ. ರಜೆ ಕೇಳಿದ ಮರುದಿನ ಬೆಳಿಗ್ಗೆಯೇ ಊರಿಗೆ ವಿಮಾನ. ಮ್ಯಾನೇಜರ್ ಗ್ಲಾಡ್ವಿನ್ ಸಾರ್ ಒಂದು ಕಾಗದ ಮುಂದಿಟ್ಟರು.

“ವಿಲ್ಮಾಬಾಯಿ, ಪಾಸ್‌ಪೋರ್ಟ್ ನನ್ನ ಇಷ್ಟದಿಂದಲೇ ಇಲ್ಲಿಟ್ಟದ್ದು, ಈಗ ದಯವಿಟ್ಟು ಕೊಡಿ ಅಂತ ಒಂದು ಸೈನ್ ಹಾಕಿ. ನಾವಿಬ್ಬರೂ ಒಂದೇ ಊರಿನವರಲ್ವಾ?”

“ನನ್ನ ಇಷ್ಟವಾ? ಬಂದ ದಿನವೇ ನೀವು ಕೈಯಿಂದ ತೆಗೊಂಡದ್ದಲ್ವಾ ಗ್ಲಾಡ್ವಿನ್?”

ನಾನು ಮಧ್ಯೆ ಬಾಯಿ ಹಾಕಿದೆ. “ಹಾಕಿಬಿಡ್ರೀ ಟೀಚರ್. ಒಂದ್ ಸೈನ್, ಖಲಾಸ್. ನಾನೂ ಹಾಕೀನಲ್ರೀ.”

“ನೀನು ಹಾಕಿದ್ದಕ್ಕೇ ಇವರಿಗೆ ಇಷ್ಟು ಧೈರ್ಯ ಮಾರಾಯ! ಪಾಸ್‌ಪೋರ್ಟ್ ಹೀಗೆ ಇಟ್ಟುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ. ನಡಿ, ಲೇಬರ್ ಆಫೀಸಿಗೆ. ನೀನೇ ಸಾಕ್ಷಿ.”

ಹೋಗಬಾರದೆಂದೇ ಇದ್ದೆ. ಆದರೆ ಟೀಚರ್ ನನ್ನ ತೋಳು ಹಿಡಿದಾಗಿತ್ತು.

ಟ್ಯಾಕ್ಸಿ ಲೇಬರ್ ಆಫೀಸಿರುವ ರೂವಿ ಕಡೆಗೆ ಓಡುತ್ತಿದ್ದಾಗ ಗ್ಲಾಡ್ವಿನ್ ಸಾರ್ ಫೋನು. “ಹಿಂದೆ ಬನ್ನಿ ಬಾಯಿ. ಸೈನ್ ಬೇಡ. ನಾನೇ ಕೊಟ್ಟುಬಿಡ್ತೇನೆ.”

ನನಗೆ ಜೀವ ಬಂತು. “ಕೊಡ್ತಾರಂತ್ರೀ! ಗಾಡಿ ತಿರುಗಿಸೋಣು. ರೋಸ್ ತಪ್ಪಿದ್ರ ಏನ್ ಮಾಡ್ತೀರಿ?”

ಟೀಚರ್ ಕಣ್ಣು ತುಂಬಿತು. ಧ್ವನಿ ಮಾತ್ರ ನಡುಗಲಿಲ್ಲ. “ಹುಡುಗಿಗೆ ನಾನು ಹೇಳ್ತೇನೆ. ಇವತ್ತು ಇವನು ಕೊಟ್ಟ ಅಂತ ತೆಗೊಂಡರೆ, ನಾಳೆ ಉಳಿದವರದ್ದು ಯಾರು ಕೇಳುವುದು?” ಡ್ರೈವರ್‌ಗೆ, “ಯಲ್ಲಾ ಭಾಯ್, ಸೀದಾ ಚಲೋ.”

ಲೇಬರ್ ಆಫೀಸಿನಲ್ಲಿ ಯಾರ ಯಾರ ಪಾಸ್‌ಪೋರ್ಟ್ ಎಂದು ಅಧಿಕಾರಿ ಕೇಳಿದಾಗ, “ಎಲ್ಲರದೂ ಸಾರ್, ನಂದೂ,” ಎಂಬ ಮಾತು ಕೇಳಿಸಿತು. ಯಾರಪ್ಪ ಈ ಧೈರ್ಯಸ್ಥ ಎಂದು ನೋಡಿದರೆ ನಾನೇ. ಅಧಿಕಾರಿಯ ಹುಕುಂ ಹೋಗಿ ಸಂಜೆಯೊಳಗೆ ಬೀರು ಖಾಲಿಯಾಯಿತು. ಟೀಚರ್ ರೋಸ್‌ಗೆ ಮುಟ್ಟಿದರು.

ಶಾಲೆ ಮಾತ್ರ ಅವರ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಶಿಸ್ತಿಲ್ಲವಂತೆ. ಬೇರೆಯವರ ಸೊತ್ತಿಗೆ ಬೀಗ ಜಡಿದು ಕೂತವರು ಶಿಸ್ತಿನ ಮಾತಾಡುತ್ತಾರಲ್ಲ, ಇವರಿಗೆ ನಾಚಿಕೆಯಾದರೂ ಬೇಡವೇ?