ಹಗಲು ಹೊತ್ತಿನಲ್ಲಿ ಹಾಕಿದ ಬಾಗಿಲು

೧೯೭೪ರಲ್ಲಿ ನಾನು ಮಂಡ್ಯದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಆಗಿದ್ದೆ. ಕಾನ್ವೆಂಟಿನಲ್ಲಿ ಪಿಯಾನೋ ಕಲಿತ ಹುಡುಗಿ ಬೆಡ್‌ಪ್ಯಾನ್ ಎತ್ತುವ ಕೆಲಸಕ್ಕೆ ಸೇರಿದಳಲ್ಲ ಎಂದು ನಮ್ಮಮ್ಮ ಕೆಲಕಾಲ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಹಾಗಾಗಿ ನಾಚಿಕೆ, ಮರ್ಯಾದೆ ಇವೆಲ್ಲ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ಆ ಬೇಸಿಗೆಯ ಕೊನೆಗೆ ಕೊತ್ತತ್ತಿಯ ಬೋರೇಗೌಡ ತನ್ನ ಹೆಂಡತಿ ಜಯಮ್ಮನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಆಕೆಗೆ ಬೆನ್ನುಮೂಳೆಯ ಟಿ.ಬಿ. ಕ್ಷಯ ಎಂದರೆ ಕೆಮ್ಮು ಎಂದೇ ಜನ ತಿಳಿಯುತ್ತಾರೆ. ಅದು ಮೂಳೆಗೂ ಬರುತ್ತದೆ. ಮೂಳೆ ಕುಸಿದು ಒಳಗಿನ ನರದ ಹುರಿಯನ್ನು ಅಮುಕಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಮೂತ್ರದ ಮೇಲೂ ಹಿಡಿತವಿಲ್ಲ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಮಾತ್ರೆ, ಗಟ್ಟಿ ಹಲಗೆಯ ಮೇಲೆ ತಿಂಗಳುಗಟ್ಟಲೆ ಮಲಗುವುದು, ಆಗಿನ ಟ್ರೀಟ್‌ಮೆಂಟ್ ಇಷ್ಟೇ. ಕಾಲು ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಆದರೆ ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಆಗಕೂಡದು. ಅದಕ್ಕೆ ನಂಜೇರಿದರೆ ಟಿ.ಬಿ.ಗಿಂತ ಮೊದಲು ಅದೇ ಪ್ರಾಣ ತೆಗೆಯುತ್ತದೆ.

ಅವರಿಗೆ ಮಕ್ಕಳಿರಲಿಲ್ಲ, ಬೋರೇಗೌಡನ ತಾಯಿ ಎಂದೋ ತೀರಿಹೋಗಿದ್ದರು. ಜೊತೆಗಿದ್ದವನು ಅವನೊಬ್ಬನೇ. ಒಂದು ಬೆಳಗ್ಗೆ ವಾರ್ಡಿನ ಹಿಂದಿನ ನಲ್ಲಿಯಲ್ಲಿ ಹೆಂಡತಿಯ ಸೀರೆ ಒಗೆಯುತ್ತಿದ್ದ. ಬಸರಾಳಿನಿಂದ ಅಕ್ಕನನ್ನು ನೋಡಿಕೊಳ್ಳಲು ಬಂದಿದ್ದವನೊಬ್ಬ ಕೇಳಿದ್ದು ಕಿಟಕಿಯ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಯಾರ್ದಣ್ಣೋ ಸೀರೆ? ಎಂಡ್ರುದಾ?”

“ಊ... ಅಲ್ಲ ಕಣಣ್ಣ. ನಮ್ಮವ್ವುಂದು.”

“ಅಂಗನ್ನು ಮತ್ತೆ! ಎಂಡ್ರು ಸೀರೆ ಒಗಿಯೋ ಗಂಡು ಅನ್ಕಂಬುಟ್ಟಿದ್ದೆ.”

ಸಂಜೆ ಅವನ ಅಕ್ಕ ಪಕ್ಕದ ಬೆಡ್ಡಿನಿಂದ ಜಯಮ್ಮನನ್ನು ಕೇಳಿದಳು: “ನಿಮ್ಮತ್ತೆ ಯಾವ್ ಬೆಡ್ನಾಗವ್ರೆ ಕಣಮ್ಮ? ಮಗ ಸೀರೆ ಒಗೀತಿದ್ನಂತೆ.”

ಜಯಮ್ಮ “ನಾನೇ ಕಣಕ್ಕ ಅವರವ್ವ. ವಸಿ ಸಣ್ಣೋಳಾಗಿ ಕಾಣ್ತೀನಿ, ಅಷ್ಟೇಯ,” ಎಂದಳು.

ವಾರ್ಡಿಗೆ ವಾರ್ಡೇ ನಕ್ಕಿತು, ನಾನೂ ನಕ್ಕೆ. ಅಂದಿನಿಂದ ಆಕೆ ಬೇಕೆಂದೇ “ಬಾ ಮಗಾ” ಎಂದು ಕರೆಯುವಳು, ಅವನ ಕಿವಿ ಕೆಂಪಾಗುವುದು. ಹೌ ಸ್ವೀಟ್ ಎಂದುಕೊಳ್ಳುತ್ತಿದ್ದೆ. ಆ ನಗುವಿನ ಕೆಳಗೆ ಏನಿತ್ತೆಂದು ನೋಡಲಿಲ್ಲ.

ಕೆಲವು ವಾರಗಳ ನಂತರ ಜಯಮ್ಮನನ್ನು ಮನೆಗೆ ಕಳಿಸಿದೆವು. ಅದಕ್ಕೆ ಮೊದಲು ಬೋರೇಗೌಡನಿಗೆ ಲಾಗ್ ರೋಲ್ ಕಲಿಸಿದೆ: ತಲೆ, ಭುಜ, ಸೊಂಟ ಎಲ್ಲ ಒಟ್ಟಿಗೆ, ಮರದ ದಿಮ್ಮಿ ಹೊರಳಿಸಿದ ಹಾಗೆ ತಿರುಗಿಸಬೇಕು. ಎರಡು ಗಂಟೆಗೊಮ್ಮೆ ತಪ್ಪಕೂಡದು. ಅವನ ಕೈ ಪರ್ಫೆಕ್ಟ್ ಆಗಿತ್ತು. ನಮ್ಮ ಟ್ರೈನೀಗಳಿಗಿಂತ ಹಗುರ.

ಮುಂದಿನ ತಿಂಗಳು ಆಸ್ಪತ್ರೆಯ ವ್ಯಾನಿನಲ್ಲಿ ಕೊತ್ತತ್ತಿಗೆ ಹೋದೆ. ಬೋರೇಗೌಡನ ಮನೆಯ ಜಗಲಿಯ ಮೇಲೆ ಅವನ ದೊಡ್ಡಪ್ಪ, ಇನ್ನೂ ಮೂರು ಜನ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಡುವೆ ಬೋರೇಗೌಡ. ಬಾಗಿಲು ತೆರೆದೇ ಇತ್ತು. ಹಲಗೆ ಹಿಡಿಸುವುದು ನಡುಮನೆಯಲ್ಲಿ ಮಾತ್ರ, ಬಾಗಿಲಿಗೆ ನೇರ. ಜಯಮ್ಮ ಕುತ್ತಿಗೆಯವರೆಗೆ ಹೊದ್ದು ಮಲಗಿದ್ದಳು. ತುಟಿ ಒಣಗಿತ್ತು. ಬಾಗಿಲಿಗೆ ಬೆನ್ನು ಮಾಡಿ, ಮರೆಯಾಗಿ ನಿಂತು, ಹೊದಿಕೆ ಸರಿಸಿ ನೋಡಿದೆ. ಸೊಂಟದ ಕೆಳಗೆ ಅಂಗೈಯಗಲ ಹುಣ್ಣು.

“ಯಾವಾಗ ತಿರುಗಿಸಿದ್ದು?”

“ಒತ್ತಾರೆಯಿಂದ ಜನ ಬಂದವ್ರೆ ಸಿಸ್ಟರ್, ದಿನಾಲೂ ಇಂಗೇಯ. ಅವರೆದ್ರುಗೆ ಇವರ್ನ ಒಳಿಕ್ಕೆ ಕರುದ್ರೆ ಇವ್ರ ಮರ್ವಾದೆ ಏನಾಗಬೇಕು? ನಾನೇ ಬರಬ್ಯಾಡಿ ಅಂದಿವ್ನಿ. ನೀರೂ ಕುಡಿಯಾಕಿಲ್ಲ. ಕುಡುದ್ರೆ ತಾನೆ ಬಟ್ಟೆ ನೆನೆಯಾದು?”

ನನಗೆ ಸಿಟ್ಟು ನೆತ್ತಿಗೇರಿತು. ಬೋರೇಗೌಡನನ್ನು ಒಳಗೆ ಕರೆದು ಹುಣ್ಣು ತೋರಿಸಿದೆ. “ನೋಡಿ, ನಿಮ್ಮ ಮರ್ಯಾದೆ ಮಾಡಿದ ಗಾಯ ಇದು. ಬಾಗಿಲು ಹಾಕಿಕೊಂಡು ತಿರುಗಿಸೋಕೆ ಏನಾಗಿತ್ತು?”

ಅವನು ಹುಣ್ಣನ್ನೇ ನೋಡುತ್ತ ಮೆಲ್ಲಗೆ ಹೇಳಿದ: “ತೆಗುದಿದ್ರೆ ಇವಳ ಮಾನ ಓಯ್ತದೆ. ಆಕಂಡ್ರೆ... ಹಗಲೊತ್ತು, ದೊಡ್ಡೋರು ಹೊರಗೆ ಕೂತಿರ್ವಾಗ, ಗಂಡ ಎಂಡ್ರು ಬಾಗ್ಲಾಕಂಡ್ರೆ...”

“ನಾನ್ಸೆನ್ಸ್. ಹಾಕಿ ಅಗುಳಿ.”

ಹಾಕಿದ. ಕ್ಷಣ ಕಳೆಯುವುದರಲ್ಲಿ ಹೊರಗಿನಿಂದ ದೊಡ್ಡಪ್ಪನ ದನಿ: “ಏನ್ಲಾ ಬೋರಾ, ಹಗಲೊತ್ನಲ್ಲೇ ಬಾಗ್ಲಾಕಂಡೆ? ಒಳಗೆ ನರ್ಸಮ್ಮ ಬೇರೆ ಅವ್ಳೆ!”

ಜಗಲಿಯ ಮೇಲೆ ಗೊಳ್ಳೆಂದು ನಗು.

ನನ್ನ ಕಿವಿಯಿಂದ ಕುತ್ತಿಗೆಯವರೆಗೆ ಬೆಂಕಿ ಹರಿದಂತಾಯಿತು. ಜಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎಲ್ಲಿದ್ದೇನೆ, ಏಕೆ ಬಂದಿದ್ದೇನೆ ಎಲ್ಲ ಮರೆತು ನನ್ನ ಕೈ ಅಗುಳಿ ತೆಗೆಯಲು ತಾನಾಗಿ ಹೋಯಿತು. ಅವರಿಬ್ಬರೂ ದಿನವೂ ಹೊತ್ತದ್ದನ್ನು ಒಂದು ನಿಮಿಷ ಹೊರಲು ನನ್ನಿಂದ ಆಗಲಿಲ್ಲ.

“ತೆಗೀಬ್ಯಾಡಿ ಸಿಸ್ಟರ್,” ಎಂದ ಬೋರೇಗೌಡ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಆಗಲೇ ಹಲಗೆಯ ಪಕ್ಕ ಮೊಣಕಾಲೂರಿ, ಒಂದು ಕೈ ಆಕೆಯ ಭುಜದ ಕೆಳಗೂ ಇನ್ನೊಂದು ಸೊಂಟದ ಕೆಳಗೂ ಇಟ್ಟಿದ್ದ. “ನಗಾಡ್ಲಿ ಬುಡಿ. ಮೊದ್ಲು ಇವಳ್ನ ತಿರುಗ್ಸಾನ, ಕಾಲು ಹಿಡ್ಕಳಿ.”

ಹಿಡಿದುಕೊಂಡೆ. ಸೆರಗಿನೊಳಗಿಂದ ಜಯಮ್ಮ ಅಳುತ್ತಿದ್ದಳು. ತಿರುಗಿಸಿದ ಮೇಲೆ ಅವನು ನೀರು ಕುಡಿಸಿದ. ಕುಡಿದಳು, ಮತ್ತೊಂದು ಲೋಟ ಕೇಳಿದಳು.

ಹುಣ್ಣು ಮಾಯಲು ಆ ಮಳೆಗಾಲವೆಲ್ಲ ಹಿಡಿಯಿತು. ನಂಜೇರಲಿಲ್ಲ. ಮರುವರ್ಷ ಜಯಮ್ಮ ಗೋಡೆ ಹಿಡಿದು ನಿಂತಳು. ಮೊದಲಿನ ಹಾಗೆ ನಡೆಯಲು ಮಾತ್ರ ಕೊನೆಗೂ ಆಗಲಿಲ್ಲ.

ಆ ಮೇಲೆ ಬಹಳ ವರ್ಷ ಸರ್ವೀಸಿನಲ್ಲಿದ್ದೆ. ಹೆಂಡತಿಯನ್ನೋ ಗಂಡನನ್ನೋ ಮನೆಗೆ ಕರೆದೊಯ್ಯುವವರಿಗೆ ಲಾಗ್ ರೋಲ್ ಕಲಿಸುವ ಮೊದಲು ಒಂದು ಮಾತು ಕೇಳುತ್ತಿದ್ದೆ: “ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ ನಿಮ್ಮ ಜಗಲಿಯ ಮೇಲೆ ಕೂತವರು ಏನನ್ನುತ್ತಾರೆ?” ಹೆಚ್ಚಿನವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ನನಗೂ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಅವರು ಬಾಯಿ ಬಿಡುವವರೆಗೆ ಎದ್ದುಹೋಗದೆ ಪಕ್ಕದಲ್ಲಿ ಕೂತಿರುವುದೂ ನರ್ಸಿಂಗಿನ ಒಂದು ಭಾಗ ಎಂದು ಕಲಿತದ್ದು ಅಲ್ಲೇ, ಆ ಕತ್ತಲೆಯ ನಡುಮನೆಯಲ್ಲಿ.