ಇಪ್ಪತ್ತೊಂಬತ್ತು ಪಟ್ಟಿನ ರುದ್ರಪ್ಪನವರು

ರುದ್ರಪ್ಪನವರ ಬಲಗೈಯಲ್ಲಿ ಬೆಸುಗೆ ಸುಟ್ಟ ಕಲೆಯಿಲ್ಲದ ಬೆರಳೇ ಇರಲಿಲ್ಲ. ನಮಸ್ಕಾರ ಅಂತ ಕೈ ಜೋಡಿಸಿದರೂ ರಾಳದ ವಾಸನೆ. ತರೀಕೆರೆಯಲ್ಲಿ ರೇಡಿಯೋ ಇದ್ದದ್ದೇ ನಾಲ್ಕಾರು ಮನೆಗಳಲ್ಲಿ. ಕೆಟ್ಟರೆ ಅವೆಲ್ಲ ಇವರ ಮೇಜಿಗೇ ಬರಬೇಕು. ನಾನು ಅಲ್ಲಿನ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಸಂಜೆ ಹೋದರೆ ಕೂತ್ಕೊಳ್ಳಿ ಎನ್ನುವ ಮೊದಲೇ ಸ್ಲೇಟು ಕೈಗೆ ಕೊಡುತ್ತಿದ್ದರು.

ವಿಷಮಜ್ವರದಲ್ಲಿ ಅವರ ಹನ್ನೊಂದು ವರ್ಷದ ಮಗಳು ಗೌರಿಯ ಕಿವಿ ಹೋಯಿತು. ಒಂದು ಸ್ವರ ಕೇಳಿಸಿದರೂ ಮುಂದೇನಾದರೂ ಮಾಡಬಹುದು ಎಂದಿದ್ದರು ಡಾಕ್ಟರು. ಅಂದಿನಿಂದ ಈ ಮನುಷ್ಯನಿಗೆ ಬೇರೆ ಧ್ಯಾನವೇ ಇಲ್ಲ. ಬೇಕಾದ ಸ್ವರ ಹುಟ್ಟಿಸುವ ಪೆಟ್ಟಿಗೆ ಮಾಡಲು ಕೂತರು. ರೇಡಿಯೋದಲ್ಲಿ ಸದ್ದನ್ನು ಎತ್ತುವ, ಗಾಜಿನ ಬುರುಡೆಯಂಥ ಒಂದು ವಾಲ್ವು, ಜೊತೆಗೆ ಕೆಪಾಸಿಟರ್, ರೆಸಿಸ್ಟರುಗಳ ಮೂರು ಜೋಡಿ. ವಾಲ್ವಿನಿಂದ ಹೊರಟ ಅಲೆ ಮೂರನ್ನೂ ದಾಟಿ, ಅರ್ಧ ಸುತ್ತು ತಿರುಗಿ ವಾಲ್ವಿಗೇ ಮರಳಬೇಕು. ಅಷ್ಟರಲ್ಲಿ ಅದರ ಬಲ ಇಪ್ಪತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಸ್ಲೇಟಿನಲ್ಲಿ ಆ ಲೆಕ್ಕ ಮಾಡಿದವನು ನಾನೇ.

“ವಾಲ್ವು ಅದನ್ನ ಇಪ್ಪತ್ತೊಂಬತ್ ಪಟ್ಟು ಎತ್ತಬೇಕು ಕಣ್ರೀ ಮೇಷ್ಟ್ರೇ. ಒಂಚೂರು ಕಮ್ಮಿ ಆಯ್ತೋ, ಸದ್ದು ಸತ್ತೋಯ್ತು.”

ಅವರ ವಾಲ್ವೋ ಮುದಿ. ಯುದ್ಧಕಾಲ, ಹೊಸದು ಸಿಗದು. ಕಡೂರು, ಅಜ್ಜಂಪುರ ಎಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ಆ ಮುದಿ ವಾಲ್ವಿನೊಂದಿಗೇ ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಒಂದು ಭಾನುವಾರ ಪೆಟ್ಟಿಗೆಯಿಂದ ಶಿಳ್ಳೆ ಬಂದಾಗ ನನ್ನ ಕಣ್ಣು ತುಂಬಿತು.

ಗೌರಿಯನ್ನು ಎದುರಿಗೆ ಕೂರಿಸಿ, ಕೇಳಿಸಿದರೆ ಕೈಯೆತ್ತು ಎಂದು ಸನ್ನೆ ಮಾಡಿದರು. ಸಣ್ಣ ಶಿಳ್ಳೆಗೆ ತಲೆಯಾಡಿಸಿದಳು, ಇಲ್ಲ. ಕೆಪಾಸಿಟರ್ ಬದಲಿಸಿ ಶ್ರುತಿ ತಗ್ಗಿಸಿದರು. ಇಲ್ಲ. ಇನ್ನೂ ತಗ್ಗಿಸಿದರು. ಹುಡುಗಿಯ ಕಣ್ಣು ಅಪ್ಪನ ಮುಖದ ಮೇಲೇ ಇತ್ತು. ಕೊನೆಯದನ್ನು ಹಾಕಿದಾಗ ದುಂಬಿಯಂತೆ ಗುಂಯ್ ಎಂದು ಒಂದು ದನಿ ಎದ್ದು, ಸೊರಗಿ, ಅಡಗಿತು. ವಾಲ್ವು ಹೋಗಿತ್ತು. ರುದ್ರಪ್ಪನವರ ಮುಖ ಬಿಳಚಿಕೊಂಡಿತು.

ಆಗ ಗೌರಿ ಕೈಯೆತ್ತಿದಳು.

ಬೀದಿಗೆ ಬಂದ ಮೇಲೆ ಅವರು ನನ್ನ ತೋಳು ಹಿಡಿದುಕೊಂಡರು. “ಸದ್ದು ಸಾಯೋಕ್ ಮುಂಚೆ ಕೇಳಿಸಿರ್ಬೋದಲ್ವಾ ಮೇಷ್ಟ್ರೇ?”

ಹೌದು ಎಂದೆ.

ಮರುವರ್ಷ ನನಗೆ ಬೆಂಗಳೂರಿಗೆ ವರ್ಗವಾಯಿತು. ಅಲ್ಲಿ ಹೇಗೋ ಅದೇ ಜಾತಿಯ ವಾಲ್ವೊಂದನ್ನು ಸಂಪಾದಿಸಿ, ಹತ್ತಿಯಲ್ಲಿ ಸುತ್ತಿ ತರೀಕೆರೆಗೆ ಒಯ್ದೆ. ರುದ್ರಪ್ಪನವರನ್ನು ನಾನು ಕಡೆಯ ಸಲ ಕಂಡದ್ದು ಅಂದೇ. ಬಿಚ್ಚಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಳಗೆ ಗೌರಿ ಅಕ್ಕಿ ಆರಿಸುತ್ತಿದ್ದಳು. ಆಮೇಲೆ ಮತ್ತೆ ಹತ್ತಿಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ಇದನ್ನ ಹಾಕಿದ್ರೆ ಅವತ್ತು ಕೇಳಿಸ್ತೋ ಇಲ್ವೋ ಗೊತ್ತಾಗ್ಬಿಡ್ತದೆ. ಬ್ಯಾಡ, ತಗೊಂಡೋಗಿ.”