ಕೇಳಿಸ್ತು ಅನ್ನೋ ತಲೆ

ಮಗ್ಗದ ಶೆಡ್ಡಿನಲ್ಲಿ ದುಡಿದವಳ ಕಿವಿ ಕಿವಿಯಾಗಿ ಉಳಿಯುವುದಿಲ್ಲ. ಸಾಲು ಸಾಲು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಕಡೆ ಕೂಗಿದರೆ ಗಂಟಲು ಹರಿಯಬೇಕೇ ಹೊರತು ಪಕ್ಕದವಳಿಗೆ ಮಾತು ಮುಟ್ಟುವುದಿಲ್ಲ. ಅದಕ್ಕೇ ಅಲ್ಲಿನ ಹೆಂಗಸರು ದನಿಯ ಗೊಡವೆ ಬಿಟ್ಟು ತುಟಿ ನೋಡಿ ಮಾತಾಡುತ್ತಾರೆ. ಹೇಳಿದ್ದು ತಲುಪಿತು ಅಂತ ತಿಳಿಸಲು ತಲೆ ಒಮ್ಮೆ ಕೆಳಗೆ ಹಾಕುತ್ತಾರೆ. ಅದು ಒಪ್ಪಿಗೆಯಲ್ಲ, ಹೌದು ಅಂತಲೂ ಅಲ್ಲ. ಸುದ್ದಿ ಮುಟ್ಟಿತು, ಅಷ್ಟೆ.

ಅಂಥವರಲ್ಲಿ ಒಬ್ಬಳಾದ ಇವಳು ಶೆಡ್ಡಿನ ಹೊರಗೂ ಹಾಗೇ ತಲೆ ಹಾಕಿ ಹಾಕಿ ಹೂಂಗುಟ್ಟಮ್ಮ ಅನ್ನಿಸಿಕೊಂಡಿದ್ದಳು. ಅತ್ತೆಯಂತೂ ಬೀದಿಯವರ ಮುಂದೆಲ್ಲ, ನನ್ನ ಸೊಸೆಯಂಥ ವಿಧೇಯಳು ಎಲ್ಲೂ ಸಿಗಲ್ಲ ಕಣ್ರೇ, ಎಲ್ಲಕ್ಕೂ ಹೂಂ ಅಂತಾಳೆ, ಒಂದನ್ನೂ ಮಾಡಲ್ಲ ಅಂತ ಆಡಿಕೊಳ್ಳುತ್ತಿದ್ದಳು. ಸೊಸೆ ಅದಕ್ಕೂ ತಲೆ ಹಾಕುತ್ತಿದ್ದಳು.

ಮೊದಲ ಬಸಿರು ಏಳು ತಿಂಗಳಿಗೆ ಹೊಟ್ಟೆಯಲ್ಲೇ ತಣ್ಣಗಾಗಿತ್ತು. ಆ ಮಾತನ್ನು ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಹೇಳಿದ್ದರು. ಅಲ್ಲಿಂದ ಕೋಣೆ ಅಂದರೆ ಇವಳಿಗೆ ಹಾವಿನ ಹುತ್ತ. ಈ ಸಲ ಬಸಿರಾದಾಗ ತಾಲೂಕು ಆಸ್ಪತ್ರೆಯಲ್ಲಿ ಹೊಸ ಪದ್ಧತಿ ಬಂದಿತ್ತು: ಒಂದೇ ತಿಂಗಳಿನ ಬಸುರಿಯರನ್ನೆಲ್ಲ ದೊಡ್ಡ ಹಾಲ್‌ನಲ್ಲಿ ದುಂಡಗೆ ಕೂರಿಸುವುದು. ಅಲ್ಲಿ ಒಬ್ಬರ ತೋಳಿಗೆ ಒಬ್ಬರು ಬಿ.ಪಿ. ಪಟ್ಟಿ ಕಟ್ಟುತ್ತಿದ್ದರು, ಕಾಲು ಊದಿದ್ದನ್ನು, ಗಂಡ ಮುಖ ಊದಿಸಿಕೊಂಡಿದ್ದನ್ನು ಹೇಳಿಕೊಂಡು ನಗುತ್ತಿದ್ದರು. ದುಂಡಗೆ ಕೂತಿದ್ದರಿಂದ ಎಲ್ಲರ ತುಟಿಯೂ ಕಾಣುತ್ತಿತ್ತು. ಇವಳು ಒಂದು ದಿನವೂ ತಪ್ಪಿಸಿದವಳಲ್ಲ.

ಆದರೆ ನಡುವೆ ಒಬ್ಬೊಬ್ಬರೇ ಎದ್ದು ಪಕ್ಕದ ಕೋಣೆಗೆ ಹೋಗಿ ಡಾಕ್ಟರಮ್ಮನಿಗೆ ಹೊಟ್ಟೆ ತೋರಿಸಿ ಬರಬೇಕಿತ್ತು. ಡಾಕ್ಟರಮ್ಮ ಒಳ್ಳೆಯವಳೇ. ಮೂಗು ಬಾಯಿ ಮುಚ್ಚಿ ಮಾಸ್ಕ್ ಹಾಕಿರುತ್ತಿದ್ದಳು, ಅದೇ ಕೇಡು. ತುಟಿ ಕಾಣದ ಮೇಲೆ ಇವಳಿಗೆ ಅವಳು ಗೋಡೆಯೇ. ಕಿವಿ ಮಂದ ಅಂದರೆ ಶೆಡ್ಡಿಗೆ ಸುದ್ದಿ ಹೋಗಿ ಕೆಲಸ ಹೋದೀತು ಅಂತ ಇವಳು ಬಾಯಿ ಬಿಟ್ಟಿರಲಿಲ್ಲ. ಡಾಕ್ಟರಮ್ಮನ ಕಣ್ಣು ತನ್ನ ಕಡೆ ತಿರುಗಿದಾಗಲೆಲ್ಲ ತಲೆ ಹಾಕಿ ಎದ್ದು ಬರುತ್ತಿದ್ದಳು.

ಎಂಟು ತಿಂಗಳು ತುಂಬಿದ ಮೇಲೆ ಒಂದು ದಿನ ಎದ್ದಾಗ ಹೊಟ್ಟೆಯಲ್ಲಿ ಸದ್ದಿಲ್ಲ. ದಿನಾ ಒದೆಯುತ್ತಿದ್ದ ಕೂಸು. ಎಡಕ್ಕೆ ಮಲಗಿ ನೋಡಿದಳು, ತಣ್ಣೀರು ಕುಡಿದಳು, ಹೊಟ್ಟೆ ತಟ್ಟಿ ಎಬ್ಬಿಸಿದಳು. ನೀರು ತುಂಬಿದ ಬಿಂದಿಗೆಯ ಹಾಗೆ ಸುಮ್ಮನೆ ಕೂತಿತ್ತು. ಅತ್ತೆ ಕೇಳಿದಳು, ಗಂಡ ಕೇಳಿದ, ಯಾಕೆ ಮುಖ ಬಾಡಿದೆ ಅಂತ. ಹೇಳಲಿಲ್ಲ. ಆಡಿಬಿಟ್ಟರೆ ನಿಜವಾಗಿಬಿಡುತ್ತದೆ ಅನ್ನುವ ಭಯ. ಆಡದಿದ್ದರೆ ಸುಳ್ಳಾಗುತ್ತದೆಯೇ? ಅದನ್ನು ಯೋಚಿಸುವ ಧೈರ್ಯವೂ ಇರಲಿಲ್ಲ. ಅವತ್ತು ಗುಂಪು ಸೇರುವ ದಿನ. ಹಾಗೇ ಹೋದಳು.

ಕೋಣೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಅಳೆದಳು, ಕೊಳವೆ ಇಟ್ಟು ಕೂಸಿನ ಎದೆಬಡಿತ ಸ್ವಲ್ಪ ಹೊತ್ತು ಕೇಳಿದಳು. ಮಾಸ್ಕ್ ಅಲುಗಾಡಿತು. ಇವಳು ಆ ಎರಡು ಕಣ್ಣುಗಳನ್ನೇ ನುಂಗುವ ಹಾಗೆ ನೋಡಿದಳು. ಸತ್ತಿದೆ ಅಂದಳೋ ಬದುಕಿದೆ ಅಂದಳೋ ತಿಳಿಯಲಿಲ್ಲ. ಮತ್ತೆ ಮಾಸ್ಕ್ ಅಲುಗಾಡಿ, ಕಣ್ಣು ಮೇಲಕ್ಕೆದ್ದು ಉತ್ತರಕ್ಕೆ ಕಾಯಿತು. ಇವಳ ತಲೆ ತಾನಾಗಿಯೇ ಕೆಳಗೆ ಬಿತ್ತು. ಕೂಸು ಚೆನ್ನಾಗಿ ಆಡುತ್ತಿದೆಯಾ ಅಂತ ಡಾಕ್ಟರಮ್ಮ ಕೇಳಿದ್ದು. ತಲೆ ಬಿದ್ದದ್ದು ಕಂಡು, ಸರಿ, ಹೋಗಿ ಬಾ ಅಂತ ಕೈಸನ್ನೆ ಮಾಡಿದಳು.

ಹೊರಗೆ ಬಂದು ಕುರ್ಚಿಯ ಮೇಲೆ ಕೂತಳು. ಎದುರಿಗೆ ಅದೇ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವವಳು ಕೂತಿದ್ದಳು. ಮೂರನೇ ಬಸಿರು, ಬಾಯಿ ಕತ್ತರಿ. ಇವಳ ಮುಖ ನೋಡಿದವಳೇ ದನಿಯಿಲ್ಲದೆ, ಬರೀ ತುಟಿಯಲ್ಲಿ ಕೇಳಿದಳು: ಆಡ್ತಿದೆಯೇನೇ?

ಇವಳು ತಲೆ ಹಾಕಿದಳು.

ಬಸುರಿಯರಿಗೆ ಪಾಠ ಹೇಳುತ್ತಿದ್ದ ನರ್ಸ್ ಸಿಸ್ಟರ್ ಅವಳ ತುಟಿಯನ್ನೂ ಇವಳ ತಲೆಯನ್ನೂ ಕಂಡು, ಹೂಂ ಅಂತಿದ್ದಾಳಲ್ಲ, ಇನ್ನೇನು ಅಂದಳು. ಕಂಡಿಕೆಯವಳು ಹೊಟ್ಟೆ ಹಿಡಿದುಕೊಂಡು ಎದ್ದೇಬಿಟ್ಟಳು.

"ಅದು ಹೌದು ಅನ್ನೋ ತಲೆ ಅಲ್ಲ ಸಿಸ್ಟರ್. ಕೇಳಿಸ್ತು ಅನ್ನೋ ತಲೆ. ಇವಳು ಇನ್ನೂ ಉತ್ತರಾನೇ ಕೊಟ್ಟಿಲ್ಲ." ಇವಳ ಗದ್ದ ಹಿಡಿದು ಮುಖ ಎತ್ತಿದಳು. "ಬಾಯಲ್ಲಿ ಹೇಳೇ, ಹುಡುಗಿ. ಆಡ್ತಿದೆಯಾ ಇಲ್ವಾ?"

ಸುತ್ತ ಕೂತ ಬಸುರಿಯರೆಲ್ಲ ತಂತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು.

"ಇಲ್ಲ," ಅಂದಳು. "ಬೆಳಗಿಂದ ಇಲ್ಲ."

ಆಮೇಲೆ ಮಂಚ, ಹೊಟ್ಟೆಗೆ ಬಿಗಿದ ಬೆಲ್ಟು, ಎದೆಬಡಿತದ ಗೆರೆ ಎಳೆಯುವ ಮಷಿನ್ನು. ಹೊರಗೆ ಹೋಗು ಅಂದರೂ ಕಂಡಿಕೆಯವಳು ಹೋಗದೆ, ಇವಳಿಗೆ ಕಿವಿ ಕೇಳಲ್ಲ, ಮೊದಲು ನಿಮ್ಮ ಬಾಯಿ ತೋರಿಸಿ ಅಂತ ಡಾಕ್ಟರಮ್ಮನನ್ನೇ ಗದರಿದಳು. ಇಷ್ಟು ತಿಂಗಳ ಮೇಲೆ ಡಾಕ್ಟರಮ್ಮ ಮಾಸ್ಕ್ ಇಳಿಸಿದಳು.

"ಎದೆಬಡಿತ ಇದೆ. ಆದ್ರೆ ನಡುನಡುವೆ ಇಳೀತಿದೆ. ತಡ ಮಾಡೋ ಹಾಗಿಲ್ಲ, ಈಗಲೇ ಆಪರೇಷನ್ ಮಾಡಿ ತೆಗೀಬೇಕು. ಗೊತ್ತಾಯ್ತಾ?"

ತಲೆ ಅರ್ಧ ಇಳಿದಿತ್ತು. ಇವಳು ಅದನ್ನು ಅಲ್ಲೇ ನಿಲ್ಲಿಸಿದಳು.

"ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳಿ. ಇದೆ ಅಂದ್ರಾ?"

"ಇದೆ."

"ತೆಗೆದ್ರೆ ಉಳಿಯುತ್ತಾ?"

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. ಉಳಿಸೋಕೆ ನೋಡ್ತೀವಿ ಅಂದಳು. ಹೆದರಿಕೆಯಿಂದ ಇವಳ ಹಲ್ಲು ಕಟಕಟ ಅನ್ನುತ್ತಿತ್ತು. ಹಾಗೇ ಸ್ಟ್ರೆಚರ್ ಹತ್ತಿದಳು.

ಹೆಣ್ಣು ಕೂಸು. ಹಿಡಿಯಷ್ಟಿತ್ತು, ಮೊದಲು ನೀಲಿ, ಆಮೇಲೆ ಕೆಂಪು. ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇದ್ದು ಮನೆಗೆ ಬಂತು. ಮನೆಯವರಿಗೆಲ್ಲ ಅಲ್ಲಿಗೆ ಭಯ ಮುಗಿಯಿತು. ಇವಳಿಗೆ ಮುಗಿದಿಲ್ಲ. ಕೂಸು ಕಣ್ಣು ಮುಚ್ಚಿದರೆ ಸಾಕು, ಉಸಿರಾಟ ಕೇಳಿಸದ ತಾಯಿ ಅದರ ಮೂಗಿನ ಹತ್ತಿರ ಬೆರಳು ಹಿಡಿಯುತ್ತಾಳೆ. ಮಲಗಿದ್ದನ್ನು ಯಾಕೆ ಎಬ್ಬಿಸ್ತೀಯೇ, ಬಿಡೇ ಅಂತ ಅತ್ತೆ ಬೈಯುತ್ತಾಳೆ. ಸೊಸೆ ಈಗ ತಲೆ ಹಾಕುವುದಿಲ್ಲ. ಬಿಡಲ್ಲ ಅತ್ತೆ ಅನ್ನುತ್ತಾಳೆ, ಬೆರಳಿಗೆ ಉಸಿರಿನ ಬಿಸಿ ತಾಗುವವರೆಗೂ.